ಆಕ್ಷೇಪಣೆ ಇದ್ದವರು ತಿಳಿಸತಕ್ಕದ್ದು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಕಚೇರಿಯಿಂದ ಒಬ್ಬ ಮನುಷ್ಯ ಅಂಟಿನ ಡಬ್ಬಿ ಹಿಡಿದು ಬಂದು, ಅತ್ತೆಯ ಮನೆಯ ಬಾಗಿಲಿಗೆ ನನ್ನ ಮುಖ ಅಂಟಿಸಿ ಹೋದ.

ಪಾಸ್‌ಪೋರ್ಟ್ ಫೋಟೋವನ್ನು ಅಂಗೈಯಗಲ ದೊಡ್ಡದು ಮಾಡಿದ್ದಾರೆ. ಕೆಳಗೆ ನನ್ನ ಹೆಸರು, ನಾನು ನೆರೆದೇಶದ ಪ್ರಜೆ ಎಂಬುದು, ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದೇನೆ ಎಂಬುದು. ಕಡೆಯಲ್ಲಿ ದಪ್ಪ ಅಕ್ಷರದಲ್ಲಿ, ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ತಿಳಿಸತಕ್ಕದ್ದು ಎಂದು. ದೂರದೇಶದವರಿಗೆ ಈ ಪದ್ಧತಿ ಇಲ್ಲ. ಅವರನ್ನು ಸರ್ಕಾರವೇ ವಿಚಾರಿಸಿಕೊಳ್ಳುತ್ತದೆ. ನದಿಯಾಚೆಯ ನಮ್ಮಂಥವರ ಗುಣದೋಷ ಅಕ್ಕಪಕ್ಕದವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂದು ಹಿಂದೆ ಯಾರೋ ತೀರ್ಮಾನಿಸಿರಬೇಕು.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಮೊದಲು ಫೋಟೋ ನೋಡಿದರು. ಊರಿಗೆಲ್ಲ ಹಲ್ಲು ಕಟ್ಟಿಕೊಡುವವಳು ಒಂದು ಹಲ್ಲೂ ತೋರಿಸಿಲ್ಲವಲ್ಲ ಎಂದರು. ಫೋಟೋದಲ್ಲಿ ನಗಬಾರದೆಂಬ ನಿಯಮ ಇದೆ ಎಂದೆ. ಆಮೇಲೆ ಅವರು ಕೆಳಗಿನದನ್ನು ನಿಧಾನವಾಗಿ ಕಡೆಯವರೆಗೆ ಓದಿ, ಯಾರು ಆಕ್ಷೇಪಣೆ ಹಾಕಬಹುದು ಎಂದು ಅಂಟಿಸುವವನನ್ನು ಕೇಳಿದರು. ಯಾರು ಬೇಕಾದರೂ ಎಂದ. ಮನೆಯೊಳಗಿನವರು? ಅವನು ಬ್ರಷ್ಷಿನ ಹಿಡಿಯಿಂದ ತಲೆ ಕೆರೆದುಕೊಂಡ. ಇದನ್ನು ಈವರೆಗೆ ಯಾರೂ ಕೇಳಿಲ್ಲ, ಆದರೆ 'ಇದ್ದವರು' ಅಂತಷ್ಟೇ ಇದೆ, ಒಳಗಿದ್ದವರೋ ಹೊರಗಿದ್ದವರೋ ಅಂತ ಇಲ್ಲ ಎಂದ. ಅತ್ತೆ ತಲೆಯಾಡಿಸಿ ಒಳಗೆ ಹೋದರು.

ನನಗಾಗಿಯೇ ಒಮ್ಮೆ ನೆಟ್ಟಗೆ ಬರೆದಿಟ್ಟುಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಇದೂ ಒಂದು ಅರ್ಜಿಯ ಹಾಗೆ ಕಾಣುತ್ತದೆ, ಆದ್ದರಿಂದ ಮನೆಮಾತಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಮದುವೆಯಾಗಿ ಸೇತುವೆ ದಾಟಿ ಬಂದೆ. ನಮ್ಮವರು ಇರುವವರೆಗೆ ಅವರ ಸಹಿಯ ಮೇಲೆ ಇಲ್ಲಿದ್ದೆ. ಅವರು ಹೋಗಿ ನಾಲ್ಕು ವರ್ಷ. ಅಂದಿನಿಂದ ಪ್ರತಿ ಜೂನ್‌ನಲ್ಲಿ ಮನೆಯ ಯಜಮಾನಿ ಎಂದು ಅತ್ತೆ ಸಹಿ ಹಾಕುತ್ತಾರೆ, ನನ್ನ ವಾಸ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಸಹಿ ಹಾಕುವವರು ಇಲ್ಲವಾದರೆ ಒಂದು ತಿಂಗಳಲ್ಲಿ ನಾನು ಸೇತುವೆಯಾಚೆ ಇರಬೇಕು. ಅತ್ತೆಗೆ ಈಗ ಎಪ್ಪತ್ತೊಂಬತ್ತು.

ಇದನ್ನು ಅವರಿಗೆ ಬಿಡಿಸಿ ಹೇಳುವುದು ಹೇಗೆ? ಕಚೇರಿಯದೊಂದು ಸಣ್ಣ ಕೆಲಸ ಇದೆ ಎಂದಷ್ಟೇ ಹೇಳಿ ಅರ್ಜಿ ಹಾಕಿ ಬಂದೆ. ಅದು ಮರ್ಯಾದೆಯೋ ಹೇಡಿತನವೋ ಗೊತ್ತಾಗುತ್ತಿಲ್ಲ.

ಮಾರ್ಚ್ ೪, ಮಂಗಳವಾರ

ಬೆಳಗಿನ ಚಹಾ ಮುಗಿಯುವವರೆಗೆ ಅತ್ತೆ ಹಲ್ಲು ಹಾಕಿಕೊಳ್ಳುವುದಿಲ್ಲ. ಮೇಲಿನದು ಕೆಳಗಿನದು ಎರಡೂ ಪ್ಲೇಟು ನೀರಿನ ಬಟ್ಟಲಲ್ಲಿರುತ್ತವೆ. ಅಷ್ಟು ಹೊತ್ತು ಅವರ ಮಾತು ಗಂಜಿ ಕುದಿದ ಹಾಗೆ. ನಮ್ಮವರಿಗೂ ಅದು ತಿಳಿಯುತ್ತಿರಲಿಲ್ಲ. ಅಮ್ಮ ಏನಂದರು ಎಂದು ನನ್ನ ಕಡೆ ನೋಡುತ್ತಿದ್ದರು. ನನಗೆ ಹೇಗೋ ಮೊದಲಿಂದಲೂ ತಿಳಿಯುತ್ತದೆ. ಬಾಯಿಯ ಆಕಾರ ನೋಡುವುದೇ ನನ್ನ ಕೆಲಸವಲ್ಲವೇ.

ಇವತ್ತು ಚಹಾಕ್ಕೆ ಮೊದಲೇ ಹಲ್ಲು ಬಾಯಲ್ಲಿತ್ತು. ಏನೋ ಇದೆ ಅಂದುಕೊಂಡೆ.

"ನಾನು ಆಕ್ಷೇಪಣೆ ಹಾಕ್ತೀನಿ," ಎಂದರು.

ಏನೆಂದು ಹಾಕುತ್ತೀರಿ ಎಂದು ಕೇಳಿದೆ.

"ಅದನ್ನ ಅಲ್ಲೇ ಹೇಳ್ತೀನಿ. ಬೆನ್ನ ಹಿಂದೆ ಮಾಡೋಳಲ್ಲ ನಾನು. ಏನಿದ್ರೂ ಹೇಳಿಯೇ ಮಾಡ್ತೀನಿ."

ಹೇಳದೆ ಮಾಡಿದವಳು ಯಾರು ಎಂಬುದು ನನಗೆ ತಿಳಿಯಲಿ ಎಂದು ಆಡಿದ ಮಾತು. ಆಮೇಲೆ ಸಕ್ಕರೆ ಡಬ್ಬಿ ಈ ಕಡೆ ತಳ್ಳು ಎಂದರು. ತಳ್ಳಿದೆ. ರಸ್ಕನ್ನು ಚಹಾದಲ್ಲಿ ಅದ್ದಿ ತಿಂದರು.

ಮಾರ್ಚ್ ೮, ಶನಿವಾರ

ನನ್ನ ಫೋಟೋಗೆ ಯಾರೋ ಮೀಸೆ ಬರೆದಿದ್ದಾರೆ. ತುದಿ ಮೇಲಕ್ಕೆ ತಿರುಗಿದ ಮೀಸೆ. ಅರ್ಜಿದಾರರು ನೋಟಿಸನ್ನು ಮುಟ್ಟುವಂತಿಲ್ಲ, ಹಾಗಾಗಿ ಒಂದು ತಿಂಗಳು ನಾನು ಮೀಸೆಯವಳು.

ಕೆಳಮನೆಯ ನಿವೃತ್ತ ಬಸ್ ಕಂಡಕ್ಟರು ಮೆಟ್ಟಿಲ ಮೇಲೆ ನಿಲ್ಲಿಸಿ ಮಾತಾಡಿಸಿದರು. ತಮಗೆ ನನ್ನ ಮೇಲೆ ಯಾವ ಆಕ್ಷೇಪಣೆಯೂ ಇಲ್ಲ, ಆದರೆ ನಮ್ಮ ಮನೆಯ ಮಿಕ್ಸಿ ಸದ್ದಿನ ಮೇಲೆ ಇದೆ, ಅದನ್ನೂ ಇದರಲ್ಲೇ ಸೇರಿಸಬಹುದಾ ಎಂದು ಕೇಳಿದರು. ನಕ್ಕೆ. ಮೆಟ್ಟಿಲು ಹತ್ತುವಾಗ, ನಗು ಬಂತೆಂದು ನಕ್ಕೆನೋ, ನಗದಿದ್ದರೆ ಅರ್ಜಿಗೆ ತೊಂದರೆಯೆಂದು ನಕ್ಕೆನೋ ಎಂದು ಯೋಚನೆಯಾಯಿತು. ಇಪ್ಪತ್ತು ವರ್ಷದಲ್ಲಿ ಎಂಥೆಂಥ ಮಾತಿಗೆಲ್ಲ ನಕ್ಕಿದ್ದೇನೆ. ಇನ್ನು ಮೇಲೆ ನಗು ಬಂದರೆ ಮಾತ್ರ ನಗುವುದು.

ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಮಾಲೀಕರಿಗೆ ವಿಷಯ ಹೇಳಿದೆ. ಅವರು ಕಣ್ಣಿಂದ ಭೂತಗನ್ನಡಿ ತೆಗೆಯದೆಯೇ ಕೇಳಿದರು.

"ನಿಮ್ಮತ್ತೆ ಹಲ್ಲು ನೀನೇ ಮಾಡಿದ್ದಲ್ವೇನಮ್ಮ?"

"ಹೌದು."

"ಎರಡೂ ಪ್ಲೇಟು?"

"ಎರಡೂ."

"ಹಾಗಾದ್ರೆ ಕೈಯಾರೆ ಹಲ್ಲು ಮಾಡಿಕೊಟ್ಟು ಕಚ್ಚಿಸಿಕೊಳ್ತಿರೋಳು ನೀನೊಬ್ಬಳೇ."

ಇದಕ್ಕೆ ನಗು ಬಂತು, ನಕ್ಕೆ. ಆ ಸೆಟ್ಟು ನಾನು ಮಾಡಿದ್ದರಲ್ಲೇ ಒಳ್ಳೆಯದು. ಅತ್ತೆಯ ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು, ಮುಂದಿನ ಎರಡು ಹಲ್ಲನ್ನು ಅವರದೇ ಹಲ್ಲಿನ ಹಾಗೆ ಒಂದರ ಮೇಲೊಂದು ಚೂರು ಓರೆಯಾಗಿ ಕೂರಿಸಿದ್ದೆ. ಸಾಲಾಗಿ ಜೋಡಿಸಿದ್ದರೆ ಅವರು ಅವರ ಹಾಗೆ ಕಾಣುತ್ತಿರಲಿಲ್ಲ.

ಮಾರ್ಚ್ ೧೨, ಬುಧವಾರ

ಕಚೇರಿಯಲ್ಲಿ ನದಿಯಾಚೆಯ ನಮಗೆ ಬೇರೆಯೇ ಕಿಟಕಿ. ಅಲ್ಲಿಯ ಗುಮಾಸ್ತ ಅತ್ತೆಯ ಆಕ್ಷೇಪಣೆ ಬಂದಿದೆ ಎಂದು ತಿಳಿಸಿದ. ಅದರಲ್ಲಿ ಇರುವುದು ಇಷ್ಟೇ: ಆಕ್ಷೇಪಣೆ ಇದೆ, ಖುದ್ದಾಗಿ ಬಂದು ಬಾಯಿಮಾತಿನಲ್ಲಿ ಹೇಳುವೆನು. ಅಕ್ಷರ ಎಷ್ಟು ದುಂಡಗಿದೆ ನೋಡಿ ಮೇಡಂ ಎಂದು ಮೆಚ್ಚಿಕೊಂಡ.

ಹೊರಗಿನವರು ಹತ್ತು ಜನ ಹಾಕಿದ್ದಕ್ಕಿಂತ ಮನೆಯ ಯಜಮಾನಿ ಹಾಕಿದ್ದು ಭಾರವಂತೆ. ವಿಚಾರಣೆಯಲ್ಲಿ ಅದು ಸರಿ ಎಂದಾದರೆ ಮತ್ತೆ ಐದು ವರ್ಷ ಅರ್ಜಿ ಹಾಕುವಂತಿಲ್ಲ. ಐದು ವರ್ಷಕ್ಕೆ ಅತ್ತೆಗೆ ಎಷ್ಟು ಎಂದು ಮನಸ್ಸು ತಾನಾಗಿಯೇ ಕೂಡಿತು. ಹಾಗೆ ಕೂಡಿದ್ದಕ್ಕೆ ನಾಚಿಕೆಯಾಯಿತು. ಕೂಡದೆ ಇರುವುದು ಹೇಗೆ ಎಂದೂ ಅನ್ನಿಸಿತು.

ಗುಮಾಸ್ತ ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, "ಮನೆ ವಿಷಯ ಮೇಡಂ, ಸ್ವಲ್ಪ ಬಗ್ಗಿ ನಡೀರಿ. ಕಾಲಿಗೆ ಬಿದ್ರೆ ಯಾವ ಅತ್ತೆ ಕರಗಲ್ಲ?" ಎಂದ.

ನಮ್ಮತ್ತೆ ಕರಗುವುದಿಲ್ಲ, ನಾನು ಬೀಳುವುದೂ ಇಲ್ಲ ಎಂದೆ. ವಿಚಾರಣೆಗೇ ಬರುತ್ತೇನೆ, ಏನಿದ್ದರೂ ಹೇಳಿಯೇ ಮಾಡುತ್ತೇನೆ ಎಂದೆ. ಅವನು ತಾರೀಖು ಬರೆದುಕೊಟ್ಟ. ಏಪ್ರಿಲ್ ಹತ್ತು.

ಮಾರ್ಚ್ ೧೬, ಭಾನುವಾರ

ಮಾತಿಲ್ಲ. ಉಪ್ಪು ಬೇಕಾದರೂ ಅತ್ತೆ ಕೇಳುವುದಿಲ್ಲ, ಎದ್ದು ಬಂದು ತೆಗೆದುಕೊಳ್ಳುತ್ತಾರೆ. ನಾನೂ ಕೊಡುವುದಿಲ್ಲ.

ಮಾರ್ಚ್ ೨೨, ಶನಿವಾರ

ಅಣ್ಣ ಆಚೆಯಿಂದ ಫೋನ್ ಮಾಡಿದ್ದ. ಸುದ್ದಿ ಅವನಿಗೂ ಮುಟ್ಟಿದೆ. ಬಂದುಬಿಡು, ಇಲ್ಲಿ ಮೇಲಿನ ಕೋಣೆ ಖಾಲಿ ಇದೆ, ಹಲ್ಲು ಇಲ್ಲಿಯವರಿಗೂ ಬೀಳುತ್ತವೆ, ಕೆಲಸಕ್ಕೇನು ಕಮ್ಮಿ ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮೂರು ಸಲ ಯೋಚಿಸಿದರೂ ತಪ್ಪು ಸಿಗಲಿಲ್ಲ.

ಹಾಗಿದ್ದರೆ ಇಲ್ಲಿರಬೇಕೆಂಬ ಈ ಹಟ ಯಾಕೆ? ಲ್ಯಾಬಿನ ಕಿಟಕಿ ಪಕ್ಕದ ನನ್ನ ಮೇಜಿಗಾಗಿಯೇ? ನಮ್ಮವರ ನೆನಪಿಗಾಗಿ ಎಂದರೆ ಅದು ಸುಳ್ಳು. ನೆನಪನ್ನು ಸೇತುವೆ ದಾಟಿಸಲು ಯಾರ ಪರವಾನಗಿಯೂ ಬೇಡ. ಹೋಗುವುದಕ್ಕೆ ನನಗೆ ಹೆದರಿಕೆ ಇಲ್ಲ. ಕಳಿಸಿದಾಗ ಹೋಗುವುದಿದೆಯಲ್ಲ, ಅದು ನನ್ನಿಂದ ಆಗದು.

ಇದನ್ನೇ ಅಣ್ಣನಿಗೆ ಹೇಳಿದೆ. ಅವನು, "ನೀನು ಈಗೀಗ ನಿಮ್ಮತ್ತೆ ಥರಾನೇ ಮಾತಾಡ್ತೀಯ," ಎಂದ. ಏನಾದರೂ ಹೇಳುತ್ತಾನೆ. ಅವನು ಅತ್ತೆಯನ್ನು ನೋಡಿರುವುದೇ ಎರಡು ಸಲ.

ಸಂಜೆ ಅಡುಗೆಮನೆಯ ರೇಡಿಯೋ ಸ್ಟೇಷನ್ ಬದಲಾಯಿಸಿದೆ. ಎಷ್ಟೋ ವರ್ಷದಿಂದ ಅಲ್ಲಿ ಬರೀ ಅತ್ತೆಯ ಮಾರುಕಟ್ಟೆ ಧಾರಣೆ. ಅತ್ತೆ ಕೇಳಿಸಿಕೊಂಡರು.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆ ಬಚ್ಚಲುಮನೆಯಿಂದ ಏನೋ ಬಿದ್ದ ಸದ್ದು. ಲ್ಯಾಬಿಗೆ ಹೊರಡುವಾಗ ನನ್ನ ಚೀಲದ ಪಕ್ಕ ಕರವಸ್ತ್ರದ ಗಂಟೊಂದು ಇತ್ತು. ಬಿಚ್ಚಿದರೆ ಅತ್ತೆಯ ಕೆಳಗಿನ ಪ್ಲೇಟು, ನಟ್ಟನಡುವೆ ಎರಡು ತುಂಡು. ಸಿಂಕಿನಲ್ಲಿ ಜಾರಿಸಿದ್ದಾರೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ, ಬಾಯಿಯ ಮೇಲೆ ಶಾಲು ಎಳೆದುಕೊಂಡು ಕೂತಿದ್ದರು. ಕೇಳಲಿಲ್ಲ ಅವರು. ನಾನೂ ಹೇಳಲಿಲ್ಲ. ಗಂಟು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮಾಲೀಕರು ತುಂಡುಗಳನ್ನು ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು. ಪ್ಲೇಟು ಕೂಡಿಸುವ ಅಕ್ರಿಲಿಕ್ ಪುಡಿ ಮುಗಿದಿದೆ, ಮುಂದಿನ ವಾರದ ಕೊನೆಗೆ ಬರುತ್ತದೆ ಎಂದರು. ಪುಡಿಯ ಡಬ್ಬಿ ಅವರ ಮೊಣಕೈ ಪಕ್ಕದಲ್ಲೇ ತುಂಬಿ ಕೂತಿತ್ತು.

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಯೋಚನೆ ಮಾಡು," ಎಂದು ಚಹಾಕ್ಕೆ ಎದ್ದು ಹೋದರು.

ಯೋಚನೆ ಮಾಡಿದೆ. ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆ ಬೇರೆ ಯಾರ ಎದುರಿಗೂ ಬರಿಬಾಯಿ ತೆರೆಯುವವರಲ್ಲ. ಹಲ್ಲಿಲ್ಲದಿದ್ದರೆ ವಿಚಾರಣೆಗೆ ಬರುವುದಿಲ್ಲ, ಬರದಿದ್ದರೆ ಆಕ್ಷೇಪಣೆ ಬಿದ್ದುಹೋಗುತ್ತದೆ. ನಾನು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು.

ಆದರೆ ಹಾಗೆ ಸಿಕ್ಕ ಕಾಯಂ ವಾಸದ ಕಾರ್ಡಿಗೂ ಅವರ ಸಹಿಗೂ ಏನು ವ್ಯತ್ಯಾಸ? ಇಲ್ಲಿಯವರೆಗೆ ಅವರ ಕೈ ಸಹಿ ಹಾಕಿದ್ದರಿಂದ ಇದ್ದೆ, ಇನ್ನು ಅವರ ಬಾಯಿ ಮುಚ್ಚಿದ್ದರಿಂದ ಇರುತ್ತೇನೆ. ಬೇಡ. ನನ್ನ ಮೇಲೆ ಏನು ಹೇಳುವುದಿದ್ದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಹಾಗೆ ಹೇಳಲಿ. ಆಮೇಲೆ ನೋಡೋಣ.

ತುಂಡುಗಳನ್ನು ಮೇಣದಲ್ಲಿ ಕೂಡಿಸಿ, ಅಡ್ಡಕ್ಕೆ ಬೆಂಕಿಕಡ್ಡಿ ಅಂಟಿಸಿ, ಅಡಿಗೆ ಪ್ಲಾಸ್ಟರ್ ಸುರಿದೆ. ಒಡೆದ ಗೆರೆಯನ್ನು ಅಗಲ ಮಾಡಿ ಹೊಸ ಅಕ್ರಿಲಿಕ್ ತುಂಬಿದೆ. ಸಂಜೆಯ ಹೊತ್ತಿಗೆ ಗೆರೆ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಮಾಲೀಕರು ಬೆಳಕಿಗೆ ಹಿಡಿದು ನೋಡಿ, ನಿನಗೆ ಬುದ್ಧಿ ಇಲ್ಲ, ಕೈ ಇದೆ ಎಂದರು.

ಏಪ್ರಿಲ್ ೫, ಶನಿವಾರ

ಪ್ಲೇಟು ಕೂಡಿದರೂ ಬಾಯಲ್ಲಿ ಆಡುತ್ತಿತ್ತು. ವಯಸ್ಸಾದಂತೆ ಒಸಡು ಕುಗ್ಗುತ್ತದೆ, ಹಲ್ಲು ಕುಗ್ಗುವುದಿಲ್ಲ. ಮತ್ತೆ ಅಳತೆ ತೆಗೆದು ಒಳಗಡೆ ತುಂಬಿಸಬೇಕು. ಅದು ಡಾಕ್ಟರರ ಕೆಲಸ, ನನ್ನದಲ್ಲ. ಆದರೆ ಅತ್ತೆ ಡಾಕ್ಟರರಿಗೆ ಬರಿಬಾಯಿ ತೋರಿಸುವುದಿಲ್ಲ. ಲ್ಯಾಬಿನಿಂದ ಅಳತೆಯ ಅಂಟು ತಂದು ಅಡುಗೆಮನೆಯ ಮೇಜಿನ ಮೇಲೆ ಕಲಸಿದೆ. ಅವರು ಬಂದು ಕೂತು ಬಾಯಿ ತೆರೆದರು. ಪ್ಲೇಟಿನ ಒಳಗೆ ಅಂಟು ಹಚ್ಚಿ, ಕೂರಿಸಿ, ಗಲ್ಲ ಹಿಡಿದುಕೊಂಡೆ. ಗಟ್ಟಿಯಾಗುವವರೆಗೆ ಅಲುಗಾಡಬೇಡಿ, ಮಾತಾಡಬೇಡಿ ಎಂದೆ.

ಆಗ ಹೊಳೆಯಿತು, ಇಪ್ಪತ್ತು ವರ್ಷದಲ್ಲಿ ಅತ್ತೆ ನನ್ನೆದುರು ಮಾತಾಡಲಾಗದೆ ಕೂತಿರುವುದು ಇದೇ ಮೊದಲು ಎಂದು.

"ನೀವು ಕೇಳಲ್ಲ, ಆದ್ರೂ ಹೇಳ್ತೀನಿ," ಎಂದೆ. "ನೀವು ಹೋದ ಮೇಲೆ ನನ್ನ ಗತಿ ಏನು ಅಂತಲೇ ಅರ್ಜಿ ಹಾಕಿದ್ದು. ಹೌದು. ಅದನ್ನ ಯೋಚನೆ ಮಾಡಿದೆ, ಲೆಕ್ಕಾನೂ ಹಾಕಿದೆ. ನಿಮಗೆ ಒಂದು ಕೆಮ್ಮು ಬಂದ್ರೆ ನನಗೆ ಸೇತುವೆ ಕಾಣುತ್ತೆ ಅತ್ತೆ. ನಿಮ್ಮ ಕೆಮ್ಮಿಗೆ ನಾನು ಹೆದರೋದು ನಿಮಗೋಸ್ಕರಾನೋ ನನಗೋಸ್ಕರಾನೋ ಅಂತ ನನಗೇ ತಿಳೀದ ಹಾಗೆ ಆಗಿದೆ. ಹಾಗೆ ಬದುಕೋಕೆ ಇಷ್ಟ ಇಲ್ಲ ನನಗೆ."

ಅವರ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಗಲ್ಲವೂ ಕದಲಲಿಲ್ಲ. ಅಳತೆ ಕೆಡಬಾರದೆಂಬ ಎಚ್ಚರ ಅವರಿಗೆ ನನ್ನಷ್ಟೇ ಇತ್ತು. ಅಂಟು ಗಟ್ಟಿಯಾದ ಮೇಲೆ ಪ್ಲೇಟು ತೆಗೆದೆ. ಅವರು ಬಾಯಿ ಒರೆಸಿಕೊಂಡು, ಗಂಜಿ ಮಾತಿನಲ್ಲಿ, "ಬಾಯಿ ಕಟ್ಟಿ ಮಾತಾಡಿದೆ. ನನ್ನ ಸರದಿ ಅಲ್ಲಿ," ಎಂದು ಎದ್ದು ಹೋದರು.

ಅವರು ಹೇಳಿದ್ದು ಸರಿ. ಅದು ನ್ಯಾಯವಾಗಿರಲಿಲ್ಲ. ಆದರೂ ಹೇಳಿದ್ದಕ್ಕೆ ಬೇಸರವಿಲ್ಲ.

ಏಪ್ರಿಲ್ ೮, ಮಂಗಳವಾರ

ಪ್ಲೇಟು ಪಾಲಿಶ್ ಮಾಡಿ ತಂದುಕೊಟ್ಟೆ. ಅತ್ತೆ ಹಾಕಿಕೊಂಡು ಸೇಬು ಕಚ್ಚಿದರು. ಅಲುಗಲಿಲ್ಲ. ಇನ್ನರ್ಧ ಸೇಬನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ಸರಿಸಿದರು. ತಿನ್ನಲಿಲ್ಲ ನಾನು. ಆಮೇಲೆ ತಿಂದೆ.

ಏಪ್ರಿಲ್ ೧೦, ಗುರುವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತೇನೆ.

ಒಂದೇ ಬಸ್ಸಿನಲ್ಲಿ ಹೋದೆವು, ಬೇರೆ ಬೇರೆ ಸೀಟಿನಲ್ಲಿ. ಅತ್ತೆ ಇಸ್ತ್ರಿ ಮಾಡಿದ ಕೋಟು ಹಾಕಿ, ಬಾಯಿಯವರೆಗೆ ಶಾಲು ಸುತ್ತಿಕೊಂಡು, ಪರ್ಸನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಗಾಳಿ ತಣ್ಣಗಿತ್ತು, ಶಾಲಿನ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಅಧಿಕಾರಿ ನನಗಿಂತ ಕಿರಿಯ ಹೆಂಗಸು, ನೆಗಡಿಯಾಗಿತ್ತು. ಪಕ್ಕದಲ್ಲಿ ಬರೆದುಕೊಳ್ಳಲು ಕಿಟಕಿಯ ಗುಮಾಸ್ತನೇ ಕೂತಿದ್ದ. ಏನು ಆಕ್ಷೇಪಣೆ ಹೇಳಿ ಅಮ್ಮ ಎಂದು ಅಧಿಕಾರಿ ಕೇಳಿದರು. ಅತ್ತೆ ಶಾಲು ಇಳಿಸಿ ಮಾತಾಡಲು ಶುರುಮಾಡಿದರು.

ಬಾಯಿ ಬರಿದಾಗಿತ್ತು. ಮೇಲಿನದೂ ಇರಲಿಲ್ಲ, ಕೆಳಗಿನದೂ ಇರಲಿಲ್ಲ.

ಗುಮಾಸ್ತ ಪೆನ್ನು ಎತ್ತಿಕೊಂಡು ಹಾಗೇ ಕೂತ. ಅಧಿಕಾರಿ ಇನ್ನೊಮ್ಮೆ ಹೇಳಿ ಎಂದರು. ಅತ್ತೆ ಇನ್ನೊಮ್ಮೆ ಹೇಳಿದರು. 'ಕಟ್ಟಿಸಿಕೊಂಡ ಹಲ್ಲು ಇಲ್ಲವೇ ಅಮ್ಮ' ಎಂದು ಕೇಳಿದಾಗ ಪರ್ಸು ತಟ್ಟಿ ತೋರಿಸಿದರು. ಹಾಗಾದರೆ ಹಾಕಿಕೊಳ್ಳಿ ಎಂದಾಗ ತಲೆಯಾಡಿಸಿ ಏನೋ ಅಂದರು. ಅಧಿಕಾರಿ ನನ್ನ ಕಡೆ ನೋಡಿದರು. ನಮ್ಮವರು ನೋಡುತ್ತಿದ್ದ ಹಾಗೆಯೇ.

"ಏನಂತಿದ್ದಾರೆ?"

"ಆ ಹಲ್ಲು ಇವಳು ಮಾಡಿದ್ದು," ಎಂದೆ. "ಇವಳ ಮೇಲೆ ಹೇಳೋಕೆ ಇವಳ ಹಲ್ಲು ಹಾಕಿಕೊಳ್ಳಲ್ಲ, ಅದು ಸರಿಯಲ್ಲ, ಅಂತಾರೆ."

"ಇವಳು ಅಂದ್ರೆ?"

"ನಾನು."

ಅಧಿಕಾರಿ ಮೂಗು ಒರೆಸಿಕೊಂಡು ನಿಯಮದ ಪುಸ್ತಕ ತೆರೆದರು. ಮಾತು ಅರ್ಥವಾಗದಿದ್ದರೆ ಹೇಳಿಕೊಡುವವರನ್ನು ಇಟ್ಟುಕೊಳ್ಳಬಹುದು, ಆದರೆ ಅದು ಎದುರು ಪಕ್ಷದವರಾಗಿರಬಾರದು, ಆಕ್ಷೇಪಣೆ ಹಾಕಿದವರೇ ಒಪ್ಪಿದರೆ ಬೇರೆ ಮಾತು. ಈ ಅಮ್ಮನ ಮಾತು ತಿಳಿಯುವವರು ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಅತ್ತೆಯ ಕಡೆ ತಿರುಗಿ, ನಿಮ್ಮ ಸೊಸೆ ಹೇಳಿದ್ದನ್ನು ನೀವು ಹೇಳಿದ್ದು ಎಂದು ಬರೆದುಕೊಳ್ಳಬಹುದಾ ಎಂದರು. ಅತ್ತೆ ಹೂಂ ಎಂದು, ಇನ್ನೊಂದು ಮಾತು ಸೇರಿಸಿದರು.

"ಬರೆದುಕೊಳ್ಳಬಹುದು, ಅವಳು ಸುಳ್ಳು ಹೇಳಲ್ಲ, ಅವಳ ಮೇಲೆ ನನ್ನ ದೂರಿನಲ್ಲಿ ಅದೂ ಒಂದು, ಅಂತಾರೆ."

ಗುಮಾಸ್ತ ಅದನ್ನೂ ಬರೆದುಕೊಂಡ.

ಹೀಗೆ ನನ್ನ ಮೇಲಿನ ಆಕ್ಷೇಪಣೆಯನ್ನು ನಾನೇ ಹೇಳಿದೆ. ಅತ್ತೆ ಒಂದು ಮಾತು ಆಡುವುದು, ನಾನು ಅದನ್ನು ಹಲ್ಲಿಟ್ಟು ಹೇಳುವುದು. ಇಪ್ಪತ್ತು ವರ್ಷದಿಂದ ಇವಳನ್ನು ಇಟ್ಟುಕೊಂಡವಳು ನಾನು, ಸರ್ಕಾರ ಅಲ್ಲ ಎಂದರು. ಮಗ ಹೋದ ದಿನ ಇವಳ ಅಣ್ಣ ಕರೆದುಕೊಂಡು ಹೋಗಲು ಬಂದಿದ್ದ, ಇರು ಅಂದವಳು ನಾನು. ನಾನು ಇರು ಅಂದ ಮೇಲೆ ಅದರ ಮೇಲೆ ಇನ್ನೊಬ್ಬರ ಅಪ್ಪಣೆ ಯಾಕೆ? ನನ್ನ ಸಹಿ ಚಿಕ್ಕದಾಯಿತಾ? ನಾನು ಸಾಯುವುದನ್ನು ಮುಂಚಿತವಾಗಿ ಕಚೇರಿಗೆ ತಿಳಿಸಿ ಬಂದಿದ್ದಾಳೆ, ನನಗೆ ಮಾತ್ರ ತಿಳಿಸಲಿಲ್ಲ. ಒಂದು ಪದ ಕೂಡಿಸದೆ ಕಳೆಯದೆ ಎಲ್ಲವನ್ನೂ ಹೇಳಿದೆ. ಕೆಲವು ಮಾತು ಅವರದಕ್ಕಿಂತ ಗಟ್ಟಿಯಾಗಿ ಬಂತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಅತ್ತೆ ಸುಮ್ಮನಾದರು. ಮುಗಿಯಿತೇನೋ ಎಂದು ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಆಗ ಅತ್ತೆ ಪರ್ಸಿನ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಇನ್ನೊಂದು ಅಂದರು. ಅದು ಮಾತು ಎಂದೂ ಬೇರೆಯವರಿಗೆ ತಿಳಿದಿರಲಿಕ್ಕಿಲ್ಲ, ನಿಟ್ಟುಸಿರು ಎಂದುಕೊಂಡಿರುತ್ತಾರೆ. ಬಿಟ್ಟುಬಿಡಬಹುದಿತ್ತು. ಅದೊಂದೇ ನನ್ನ ಅರ್ಜಿ ಕೆಡಿಸಬಹುದಾದ ಮಾತು.

"ಇನ್ನೊಂದಿದೆ," ಎಂದೆ. "ಕಾರ್ಡು ಸಿಕ್ಕಿದ ದಿನ ಇವಳು ನನ್ನ ಬಿಟ್ಟು ಹೋಗ್ತಾಳೆ, ಅಂತಾರೆ."

ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಇದು ಮುಖ್ಯ, ಇದಕ್ಕೆ ನನ್ನ ಉತ್ತರ ಬೇಕು ಎಂದರು. ಹೋಗುವುದಿಲ್ಲ ಎಂದು ಬರೆದುಕೊಟ್ಟರೆ ಆಕ್ಷೇಪಣೆ ಇಲ್ಲಿಗೇ ಇತ್ಯರ್ಥವಾಗುತ್ತದೆ ಎಂದೂ ಹೇಳಿದರು. ಗುಮಾಸ್ತ ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದ. ಬಗ್ಗಿ ನಡೀರಿ ಎಂದು ಹೇಳುವ ಮುಖವೇ ಅವನದು.

ಹಾಳೆಯನ್ನು ಅವನ ಕಡೆಗೇ ಸರಿಸಿದೆ. ಅಧಿಕಾರಿಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳಿದೆ.

"ಬರೆದುಕೊಡಲ್ಲ. ಬರೆದುಕೊಟ್ಟು ಇದ್ರೆ ಅದು ಇದ್ದ ಹಾಗಲ್ಲ. ಇಷ್ಟು ವರ್ಷ ನಾನಾಗಿ ಇದ್ದೆನೋ, ನೀವು ಇಟ್ಟುಕೊಂಡಿದ್ರೋ, ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬಾಗಿಲು ತೆರೆದಿಟ್ಟಾಗ ನಾನೇನು ಮಾಡ್ತೀನಿ ಅಂತ ನನಗೆ ಗೊತ್ತಾಗಬೇಕು. ಅದಕ್ಕೇ ಅರ್ಜಿ ಹಾಕಿದ್ದು. ಕೊಡದಿದ್ರೆ ಐದು ವರ್ಷ ಬಿಟ್ಟು ಇನ್ನೊಂದು ಸಲ ಹಾಕ್ತೀನಿ. ಆಗ ನಿಮಗೆ ಹೇಳಿಯೇ ಹಾಕ್ತೀನಿ."

ಅತ್ತೆ ಪರ್ಸು ತೆರೆದರು. ಗೋಡೆಯ ಕಡೆ ತಿರುಗಿ, ಮೊದಲು ಮೇಲಿನದು, ಆಮೇಲೆ ಕೆಳಗಿನದು ಹಾಕಿಕೊಂಡರು. ಕೂತ ಸದ್ದು ನನಗೆ ಕೇಳಿಸಿತು. ತಿರುಗಿದಾಗ ಅವರ ಮುಖ ಅವರದಾಗಿತ್ತು.

ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಅಮ್ಮ ಎಂದು ಅಧಿಕಾರಿ ಕೇಳಿದರು.

"ಇಲ್ಲ. ಹೇಳಿದ್ದು ಹೇಳಿದ್ದೇ," ಎಂದರು ಅತ್ತೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. "ಈಗ ಇನ್ನೊಂದು ಹೇಳ್ತೀನಿ, ಅದನ್ನೂ ಬರ್ಕೊಳ್ಳಿ. ಇವಳು ಬಂದಾಗ ಇಷ್ಟು ಸೊಕ್ಕು ಇರ್ಲಿಲ್ಲ. ಆಚೆಯಿಂದ ತಂದದ್ದಲ್ಲ ಇದು. ನಮ್ಮನೇಲಿ ಕಲಿತದ್ದು. ಯಾರ ಹತ್ರ ಕಲಿತಳು ಅಂತ ಕೇಳಬೇಡಿ. ಇಲ್ಲಿ ಕಲಿತ ಸೊಕ್ಕನ್ನ ಬೇರೆ ದೇಶಕ್ಕೆ ಕಳಿಸೋದು ನಿಮಗೆ ಶೋಭೆ ಅಲ್ಲ."

ಅಧಿಕಾರಿಗೆ ಬಂದದ್ದು ಸೀನೋ ನಗುವೋ, ಕರವಸ್ತ್ರದ ಹಿಂದೆ ತಿಳಿಯಲಿಲ್ಲ. ಆದೇಶ ಅಂಚೆಯಲ್ಲಿ ಬರುತ್ತದೆ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಸೀಟು ಖಾಲಿ ಇತ್ತು. ಅತ್ತೆ ಕೂತರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಪ್ಲೇಟು ಒತ್ತುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಗಂಜಿ ಮಾತಿನಲ್ಲಿ ಸಕ್ಕರೆ ಕೇಳಿದರು. ಕೊಟ್ಟೆ.

ಜೂನ್ ೩, ಮಂಗಳವಾರ

ಕಾರ್ಡು ಬಂತು. ಆಕ್ಷೇಪಣೆಯನ್ನು ದಾಖಲಿಸಲಾಗಿದೆ, ಎತ್ತಿಹಿಡಿದಿಲ್ಲ ಎಂದು ಆದೇಶದಲ್ಲಿದೆ. ಕಾರ್ಡಿನ ಫೋಟೋದಲ್ಲೂ ಹಲ್ಲು ಕಾಣುವುದಿಲ್ಲ, ಮೀಸೆಯಂತೂ ಇಲ್ಲ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಷ್ಟು ತೆಳ್ಳಗಿದೆಯಾ ಎಂದರು.

ಈಗ ನಾನು ಹೋಗಬಹುದು. ಯಾವಾಗ ಬೇಕಾದರೂ ಹೋಗಿ, ಯಾವಾಗ ಬೇಕಾದರೂ ಬರಬಹುದು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಹಾಗಾದರೆ ಯಾವಾಗ ಬರ್ತೀಯ ಎಂದು ಕೇಳಿದ. ಮನೆ ಬಾಗಿಲಿನ ಮೇಲೆ ನೋಟಿಸಿನ ಅಂಟು ಕಲೆಯಾಗಿ ಕೂತಿದೆ, ಕೆರೆದರೆ ಬಣ್ಣವೇ ಏಳುತ್ತದೆ, ಪೂರ್ತಿ ಬಣ್ಣ ಹೊಡೆಸಬೇಕು, ಮಿಕ್ಸಿಯ ಕೆಳಗೆ ರಬ್ಬರ್ ಹಾಕಿಸಬೇಕು, ಅದೆಲ್ಲ ಮುಗಿಯಲಿ ನೋಡೋಣ ಎಂದೆ.

ಜೂನ್ ೧೨, ಗುರುವಾರ

ಲ್ಯಾಬಿಗೆ ಹೊರಡುವ ಹೊತ್ತಿಗೆ ಅತ್ತೆ ಇಸ್ತ್ರಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆ ಎಂದೆ. ಪ್ರತಿ ವರ್ಷ ಈ ತಾರೀಖಿಗೆ ಎಲ್ಲಿಗೆ ಹೋಗುತ್ತೇವೋ ಅಲ್ಲಿಗೆ ಎಂದರು. ಇನ್ನು ಮೇಲೆ ಸಹಿ ಬೇಕಾಗಿಲ್ಲ ಅತ್ತೆ ಎಂದು ನೆನಪಿಸಿದೆ.

"ಸಹಿ ಬೇಡ ಅಂತ ಸರ್ಕಾರ ಹೇಳಿರಬಹುದು. ಐಸ್‌ಕ್ರೀಮ್ ಬೇಡ ಅಂತ ಹೇಳಿದೆಯಾ?"

ಕಚೇರಿಯ ಎದುರಿಗೇ ಐಸ್‌ಕ್ರೀಮಿನ ಅಂಗಡಿ. ಸಹಿಯಾದ ಮೇಲೆ ಅಲ್ಲಿ ಕೂರುವುದು ಈ ನಾಲ್ಕು ವರ್ಷದ ರೂಢಿ. ಮಾಲೀಕರಿಗೆ ಮಧ್ಯಾಹ್ನ ಬರುತ್ತೇನೆ ಎಂದು ಫೋನ್ ಮಾಡಿ ಹೊರಟೆ. ಅತ್ತೆ ತಮ್ಮ ಪಾಲಿನದನ್ನು ಮುಗಿಸಿ, ನನ್ನದರಲ್ಲೂ ಒಂದು ಚಮಚ ತೆಗೆದುಕೊಂಡರು. ಆಮೇಲೆ ಪರ್ಸಿನಿಂದ ತಮ್ಮ ಶಾಯಿ ಪೆನ್ನು ತೆಗೆದು, ಮೇಜಿನ ಮೇಲಿದ್ದ ಕಾಗದದ ಕರವಸ್ತ್ರವನ್ನು ಬಿಡಿಸಿ ಹಾಸಿ, ಕೆಳಗಿನ ಮೂಲೆಯಲ್ಲಿ ದುಂಡಗೆ ಸಹಿ ಹಾಕಿದರು. ಶಾಯಿ ಸ್ವಲ್ಪ ಹರಡಿತು. ಊದಿ ಆರಿಸಿ ನನ್ನ ಮುಂದೆ ತಳ್ಳಿದರು.

"ಇಟ್ಕೋ. ಆ ತೆಳ್ಳಗಿಂದು ಎಲ್ಲಾದ್ರೂ ಕಳೆದುಹೋದ್ರೆ ಇರ್ಲಿ."

ಇದಕ್ಕೆ ನನ್ನ ಆಕ್ಷೇಪಣೆ ಇದೆ ಎಂದೆ.

"ಬರೆದು ಕೊಡು," ಎಂದರು ಅತ್ತೆ. "ಬಾಯಿಮಾತು ನಡೆಯಲ್ಲ."